ಮಗುವಿನ ಮಿದುಳೂ ಅದರ ನಡತೆಯೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಕೆಲವರು ಅಜ್ಜಿಯಂದಿರೂ ಆಗಿದ್ದಾರೆ. ಶರೀರಶಾಸ್ತ್ರದ ಪಾಠದಲ್ಲಿ ಮಿದುಳಿನ ಚಿತ್ರವನ್ನು ಬರೆದು, ಭಾಗಗಳಿಗೆ ಹೆಸರು ಕೊಟ್ಟು, ಪರೀಕ್ಷೆಗೆ ಬೇಕಾದಷ್ಟನ್ನು ಅವರೆಲ್ಲರೂ ಕಲಿತವರೇ. ಆದರೆ ಆ ಪಾಠದ ನಿಜವಾದ ಉಪಯೋಗವು ಪರೀಕ್ಷೆಯ ಕಾಗದದ ಮೇಲಲ್ಲ, ತೊಟ್ಟಿಲಿನ ಬಳಿಯಲ್ಲಿ ಉಂಟು. ಮಗುವು ಯಾಕೆ ಹೀಗೆ ನಡೆಯುತ್ತದೆ, ಯಾಕೆ ಮಾತಾಡುವದಿಲ್ಲ, ಯಾಕೆ ಒಂದು ಕ್ಷಣವೂ ಸುಮ್ಮನಿರುವದಿಲ್ಲ ಎಂಬ ಪ್ರಶ್ನೆಗಳು ಹುಟ್ಟುವದು ಅಲ್ಲಿಯೇ. ಆದಕಾರಣ ಆ ಪಾಠವನ್ನು ಈಗಿನ ತಿಳುವಳಿಕೆಗೆ ಅನುಸಾರವಾಗಿ ಇನ್ನೊಮ್ಮೆ ಓದುವದು ಒಳ್ಳೆಯದೆಂದು ನಮಗೆ ತೋರುತ್ತದೆ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಹೆತ್ತವರಿಗೆ ಇದನ್ನು ಹೇಳುವದಕ್ಕೆ ವಿಶೇಷವಾದ ಒಂದು ಕಾರಣವೂ ಉಂಟು. ನಮ್ಮ ಸೀಮೆಯ ಗುಡ್ಡೆಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ವಿಸ್ತಾರವಾದ ಗೇರು ತೋಪುಗಳಿವೆ. 1980ರ ದಶಕದಿಂದ 2000ದ ಸುಮಾರಿನ ವರೆಗೆ ಆ ತೋಪುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಚಿಗುರನ್ನೂ ಹೂವನ್ನೂ ಚುಚ್ಚಿ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವದೇ ಅದರ ಉದ್ದೇಶವಾಗಿತ್ತು. (ಹೆಸರು ಸೊಳ್ಳೆಯಾದರೂ ಇದು ಸೊಳ್ಳೆಯ ಜಾತಿಯದಲ್ಲ, ಒಂದು ಬಗೆಯ ತಿಗಣೆ.) ತೋಪುಗಳ ಬುಡದಲ್ಲಿಯೇ ಮನೆಗಳೂ ಬಾವಿಗಳೂ ಶಾಲೆಗಳೂ ಇದ್ದವು. ಈ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹಲವರಿಗೆ ಮಾತು ಬರಲಿಲ್ಲ. ಕೆಲವರಿಗೆ ಕುತ್ತಿಗೆಯೇ ನಿಲ್ಲಲಿಲ್ಲ. ಕೆಲವರಿಗೆ ದಿನಕ್ಕೆ ಎಷ್ಟೋ ಸಲ ಅಪಸ್ಮಾರ ಬರುತ್ತಿತ್ತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಬಾಧಿತರೆಂದು ಸರಕಾರವು ಗುರುತಿಸಿದವರ ಸಂಖ್ಯೆಯು 3,000ಕ್ಕೆ ಮೀರಿದೆ. ಅವರ ತಾಯಂದಿರಲ್ಲಿ ನಮ್ಮ ಶಾಲೆಯಂಥ ಶಾಲೆಗಳಲ್ಲಿ ಓದಿದವರೂ ಇರಬಹುದು.

ಮಿದುಳು ಕಟ್ಟಲ್ಪಡುವ ಕ್ರಮವನ್ನು ತಿಳಿದ ಮೇಲೆ ಮಾತ್ರ ಇಂಥ ಹಾನಿಯ ಸ್ವರೂಪವು ತಿಳಿಯುವದು. ಗರ್ಭಧಾರಣೆಯ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲಣ ಒಂದು ಪದರವು ದಪ್ಪವಾಗಿ, ನಡುವೆ ತಗ್ಗಾಗಿ, ಅದರ ಎರಡು ಅಂಚುಗಳು ವೀಳ್ಯದೆಲೆಯನ್ನು ಸುರುಳಿ ಸುತ್ತಿದ ಹಾಗೆ ಮೇಲೆದ್ದು ಒಂದನ್ನೊಂದು ಕೂಡಿ ಕೊಳವೆಯಾಗುವದು. ಮಿದುಳೂ ಬೆನ್ನುಹುರಿಯೂ ಆಗುವದು ಈ ಕೊಳವೆಯಿಂದಲೇ. ಸುಮಾರು 28ನೆಯ ದಿನಕ್ಕೆ ಅದರ ಎರಡೂ ಬಾಯಿಗಳು ಮುಚ್ಚಿಕೊಳ್ಳಬೇಕು. ಆ ದಿನಕ್ಕೆ ತಾನು ಬಸುರಿಯೆಂಬದೇ ಎಷ್ಟೋ ಹೆಂಗಸರಿಗೆ ಗೊತ್ತಿರುವದಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಕೆಳಗಣ ಬಾಯಿ ಮುಚ್ಚದಿದ್ದರೆ ಬೆನ್ನುಹುರಿಯು ಹೊರಗೆ ತೋರುವ ಕೂಸು ಹುಟ್ಟುವದು. ಮೇಲಣ ಬಾಯಿ ಮುಚ್ಚದಿದ್ದರೆ ಕೂಸು ಬದುಕುವದಿಲ್ಲ.

ಇಂಥ ದೋಷಗಳಲ್ಲಿ ಬಹಳಷ್ಟನ್ನು ಫೋಲಿಕ್ ಆಮ್ಲವೆಂಬ ಜೀವಸತ್ವದಿಂದ ತಪ್ಪಿಸಬಹುದೆಂದು 1991ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಸಂಶೋಧನಾ ಮಂಡಲಿಯ ದೊಡ್ಡ ಪರೀಕ್ಷೆಯು ತೋರಿಸಿಕೊಟ್ಟಿತು. ಈ ಸತ್ವದ ಸುಳಿವು ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲಿಯೇ, ಅದೂ ಒಬ್ಬ ಹೆಣ್ಣುಮಗಳಿಗೆ. ಲೂಸಿ ವಿಲ್ಸ್ ಎಂಬ ವೈದ್ಯೆಯು ಬೊಂಬಾಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಈಸ್ಟಿನ ಸಾರದಿಂದ ಅದು ಗುಣವಾಗುವದೆಂದು 1931ರಲ್ಲಿ ಪ್ರಕಟಿಸಿದಳು. ಹರಿವೆ, ಬಸಳೆ ಮುಂತಾದ ಸೊಪ್ಪುಗಳಲ್ಲಿಯೂ ಹೆಸರು, ಕಡಲೆ, ಅಲಸಂಡೆಗಳಲ್ಲಿಯೂ ಈ ಸತ್ವವು ಇದೆ. ಆದರೆ ಬೇಯಿಸಿದ ನೀರನ್ನು ಚೆಲ್ಲಿದರೆ ಬಹುಭಾಗವು ಅದರೊಂದಿಗೆ ಹೋಗುವದು. ಮದುವೆಯಾದ ಹುಡುಗಿಯರು ಗರ್ಭವು ನಿಲ್ಲುವದಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳುವದು ಒಳ್ಳೆಯದು. ಮೂರನೆಯ ತಿಂಗಳಿಗೆ ತೆಗೆದುಕೊಂಡರೆ ತಾಯಿಯ ರಕ್ತಕ್ಕೆ ಪ್ರಯೋಜನವಿದೆ, ಕೊಳವೆಗೆ ಇಲ್ಲ.

ಕೊಳವೆಯು ಮುಚ್ಚಿದ ಮೇಲೆ ಅದರ ಒಳಗೋಡೆಯಲ್ಲಿ ನರಕೋಶಗಳು ಹುಟ್ಟತೊಡಗುವವು. ಪೂರ್ಣ ಬೆಳೆದ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಹೆಚ್ಚಿನವು ಗರ್ಭದ ಒಂಬತ್ತು ತಿಂಗಳುಗಳಲ್ಲಿಯೇ ಹುಟ್ಟುವದರಿಂದ, ಸರಾಸರಿ ನಿಮಿಷಕ್ಕೆ ಲಕ್ಷಗಟ್ಟಲೆ ಕೋಶಗಳು ತಯಾರಾಗಬೇಕಾಗುವದು. ಹುಟ್ಟಿದ ಕೋಶವು ಹುಟ್ಟಿದಲ್ಲಿಯೇ ನಿಲ್ಲುವದಿಲ್ಲ. ಅಡಿಕೆಮರವನ್ನು ಹಿಡಿದು ಒಳ್ಳೆಮೆಣಸಿನ ಬಳ್ಳಿಯು ಮೇಲಕ್ಕೆ ಹೋಗುವಂತೆ, ನರಕೋಶವು ಉದ್ದನೆಯ ಎಳೆಗಳನ್ನು ಹಿಡಿದು ಮಿದುಳಿನ ಹೊರಪದರಕ್ಕೆ ಏರಿ ತನ್ನ ಸ್ಥಾನದಲ್ಲಿ ಕೂಡ್ರುವದು. ತರುವಾಯ ಬಂದವುಗಳು ಮೊದಲು ಬಂದವುಗಳನ್ನು ದಾಟಿ ಇನ್ನೂ ಮೇಲಕ್ಕೆ ಹೋಗುವವು. ಏರುವಾಗ ಅಡ್ಡಿ ಬಂದು ದಾರಿಯಲ್ಲಿ ನಿಂತುಬಿಟ್ಟ ಕೋಶಗಳು ಸಾಯದೆ ಅಲ್ಲಿಯೇ ಉಳಿದು, ಮುಂದೆ ಅಪಸ್ಮಾರಕ್ಕೆ ಕಾರಣವಾಗುವದುಂಟು.

ಹುಟ್ಟಿದ ಕೂಸಿನ ಮಿದುಳು 350ರಿಂದ 400 ಗ್ರಾಂ ತೂಗುವದು. ದೊಡ್ಡವರದು ಸುಮಾರು 1,300ರಿಂದ 1,400 ಗ್ರಾಂ. ಈ ಬೆಳವಣಿಗೆಯ ಬಹುಭಾಗವು ಮೊದಲ ಎರಡು ವರುಷಗಳಲ್ಲಿಯೇ ಆಗುವದು. ಹೊಸ ಕೋಶಗಳು ಹುಟ್ಟುವದರಿಂದಲ್ಲ, ಇದ್ದ ಕೋಶಗಳು ಕೊಂಬೆರೆಂಬೆಗಳನ್ನು ಚಾಚಿ ಒಂದಕ್ಕೊಂದು ಸಂಬಂಧ ಬೆಳೆಸುವದರಿಂದಲೂ, ನರಗಳ ಸುತ್ತ ಕೊಬ್ಬಿನ ಹೊದಿಕೆಯೊಂದು ಸುತ್ತಿಕೊಳ್ಳುವದರಿಂದಲೂ ತೂಕವು ಹೆಚ್ಚುವದು. ಹೊದಿಕೆಯಿಲ್ಲದ ನರದಲ್ಲಿ ಸುದ್ದಿಯು ನಡೆದು ಹೋಗುವಷ್ಟು ವೇಗದಲ್ಲಿ ಮಾತ್ರ ಸಾಗುವದು. ಚೆನ್ನಾಗಿ ಹೊದಿಕೆಯಾದ ದೊಡ್ಡ ನರದಲ್ಲಿ ಸೆಕೆಂಡಿಗೆ ನೂರು ಮೀಟರಿನ ಹತ್ತಿರ ಹತ್ತಿರ ಓಡುವದು. (ಹಿಂದಿನ ಪಾಠಪುಸ್ತಕಗಳು ಜ್ಞಾನತಂತುಗಳೆಂದು ಕರೆದವುಗಳೇ ಈ ನರಗಳು. ಆ ಹೆಸರು ಬಳಕೆ ತಪ್ಪಿದ್ದು ನಮಗೆ ಸ್ವಲ್ಪ ಬೇಸರವೇ.) ಕೂಸು ಮೊದಲು ಕುತ್ತಿಗೆಯನ್ನೂ, ತರುವಾಯ ನಡುವನ್ನೂ, ಕೊನೆಗೆ ಕಾಲುಗಳನ್ನೂ ವಶಮಾಡಿಕೊಳ್ಳುವ ಕ್ರಮವನ್ನು ಎಲ್ಲಾ ತಾಯಂದಿರೂ ಕಂಡಿರುವರು. ಮೇಲಿನಿಂದ ಕೆಳಕ್ಕೆ ಇಳಿಯುವ ನರಮಾರ್ಗಗಳು ಸಿದ್ಧವಾಗುವ ಕ್ರಮವೇ ಅದು.

ಇನ್ನು ನಡತೆಯ ವಿಷಯ. ನಡತೆಯೆಂದರೆ ಏನನ್ನಾದರೂ ಮಾಡುವದೆಂದು ನಾವು ಸಾಧಾರಣವಾಗಿ ತಿಳಿಯುವೆವು. ನರಶಾಸ್ತ್ರವು ಹೇಳುವದೇನಂದರೆ, ನಡತೆಯ ಅರ್ಧ ಭಾಗವು, ಪ್ರಾಯಶಃ ಅದಕ್ಕೂ ಹೆಚ್ಚು, ಮಾಡದೆ ಇರುವದರಲ್ಲಿ ಉಂಟು. ಹೊಸದಾಗಿ ಹುಟ್ಟಿದ ಕೂಸಿನ ಅಂಗೈಗೆ ನಮ್ಮ ಬೆರಳನ್ನು ಇಟ್ಟರೆ ಅದು ಬಿಗಿಯಾಗಿ ಹಿಡಿಯುವದು. ಅಜ್ಜಿಯಂದಿರು ಇದನ್ನು ಕಂಡು ನನ್ನ ಗುರುತು ಸಿಕ್ಕಿತು ಎಂದು ಸಂತೋಷಪಡುವರು. ನಿಜವಾಗಿ ಅದು ಕೆಳಗಣ ನರಗಳ ತಾನಾಗಿಯೇ ಆಗುವ ಕ್ರಿಯೆ. ನಾಲ್ಕರಿಂದ ಆರು ತಿಂಗಳೊಳಗೆ ಆ ಹಿಡಿತವು ಮಾಯವಾಗುವದು. ಅದು ಸತ್ತುಹೋಗುವದಲ್ಲ, ಮೇಲಣ ಮಿದುಳು ಬೆಳೆದು ಅದನ್ನು ತಡೆದು ಹಿಡಿಯುವದು. ತಡೆಯು ಬಂದ ಮೇಲೆಯೇ ಕೂಸು ತನಗೆ ಬೇಕಾದಾಗ ಹಿಡಿಯುವದಕ್ಕೂ ಬೇಕಾದಾಗ ಬಿಡುವದಕ್ಕೂ ಕಲಿಯುವದು.

ದೊಡ್ಡವರ ಕೆಲಸಗಳಲ್ಲಿಯೂ ಹೀಗೆಯೇ. ನಮ್ಮ ಊರುಗಳಲ್ಲಿ ಬೀಡಿ ಕಟ್ಟುವ ಹೆಂಗಸು ಮಾತಾಡುತ್ತಲೇ ಎಲೆಯನ್ನು ಸುರುಳಿಮಾಡಿ ತುದಿಯನ್ನು ಮಡಚಿ ನೂಲು ಸುತ್ತುವಳು. ಕಣ್ಣು ಕೈಯ ಮೇಲೆ ಇರುವದೇ ಇಲ್ಲ. ಒಂದು ಬೆರಳು ಬಾಗುವಾಗ ಪಕ್ಕದ ಬೆರಳು ಸುಮ್ಮನಿರಬೇಕು. ಒಂದು ಸ್ನಾಯು ಬಿಗಿಯುವಾಗ ಎದುರಿನ ಸ್ನಾಯು ಸಡಿಲಬೇಕು. ಕಿರುಮಿದುಳೂ ಮಿದುಳಿನ ಆಳದ ನರಗಂಟುಗಳೂ ಸಾವಿರಾರು ಸಲದ ಅಭ್ಯಾಸದಿಂದ ಇದನ್ನು ಕಲಿತಿರುವವು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ತನ್ನ ಸರದಿ ಬರುವ ತನಕ ಬಾಯಿ ಮುಚ್ಚಿರುವ ಹುಡುಗಿಯಲ್ಲಿ ಕೆಲಸ ಮಾಡುವದು ಹಣೆಯ ಹಿಂದಣ ಭಾಗ. ಅದು ಎಲ್ಲಕ್ಕಿಂತ ನಿಧಾನವಾಗಿ ಬಲಿಯುವದು. ಇಪ್ಪತ್ತನೆಯ ವಯಸ್ಸು ದಾಟಿದ ಮೇಲೂ ಅದರ ಬೆಳವಣಿಗೆ ನಡೆಯುತ್ತಲೇ ಇರುವದು. ಹನ್ನೆರಡು ವರುಷದ ಹುಡುಗನಿಗೆ ದೊಡ್ಡವರ ಸಂಯಮ ಇಲ್ಲವೆಂದು ದಿನಾಲೂ ಬೈಯುವ ಹೆತ್ತವರು ಈ ಒಂದು ಸಂಗತಿಯನ್ನು ನೆನಸಿಕೊಂಡರೆ ಮನೆಯಲ್ಲಿ ಸ್ವಲ್ಪ ಶಾಂತಿಯಿದ್ದೀತು.

ಈ ತಡೆಯುವ ಕೆಲಸವನ್ನು ಮಿದುಳಿನಲ್ಲಿ ಹೆಚ್ಚಾಗಿ ನಡಿಸುವದು ಗಾಬಾ ಎಂಬ ಒಂದು ರಾಸಾಯನಿಕ. ಒಂದು ನರಕೋಶವು ಅದನ್ನು ಹೊರಕ್ಕೆ ಬಿಟ್ಟಾಗ, ಪಕ್ಕದ ಕೋಶದ ಗೋಡೆಯಲ್ಲಿರುವ ಚಿಕ್ಕ ತೂಬುಗಳು ತೆರೆದು, ಉಪ್ಪಿನ ಅಂಶವಾದ ಕ್ಲೋರೈಡು ಒಳಗೆ ಹೋಗಿ, ಆ ಕೋಶವು ಶಾಂತವಾಗುವದು. ಎಂಡೋಸಲ್ಫಾನ್ ಹಿಡಿಯುವದು ಈ ತೂಬನ್ನೇ. ಅದು ತೂಬಿನ ಬಾಯಿಗೆ ಅಡ್ಡಲಾಗಿ ನಿಂತು ಕ್ಲೋರೈಡಿಗೆ ದಾರಿ ಇಲ್ಲದಂತೆ ಮಾಡುವದು. ಶಾಂತವಾಗಬೇಕಾದ ಕೋಶವು ಶಾಂತವಾಗದೆ ತನ್ನ ಸುತ್ತಲಿನವುಗಳನ್ನೂ ಕೆರಳಿಸುವದು. ಕೀಟವು ನಡುಗಿ ಸಾಯುವದು ಹೀಗೆಯೇ. ಈ ವಿಷವನ್ನು ಹೆಚ್ಚಾಗಿ ಸೇವಿಸಿದ ಮನುಷ್ಯನಿಗೆ ಸೆಳವು ಬರುವದೂ ಹೀಗೆಯೇ. ಕೀಟದ ನರವೂ ಮನುಷ್ಯನ ನರವೂ ಈ ವಿಷಯದಲ್ಲಿ ಅಷ್ಟೊಂದು ಬೇರೆಯಲ್ಲ.

ಬೆಳೆಯುವ ಮಿದುಳಿನಲ್ಲಿ ಗಾಬಾಕ್ಕೆ ಇನ್ನೊಂದು ಕೆಲಸವೂ ಉಂಟು. ಗರ್ಭದಲ್ಲಿರುವಾಗ ಅದು ಕೋಶಗಳನ್ನು ತಡೆಯುವದರ ಬದಲು ಎಚ್ಚರಿಸುವದು. ಅವು ಎಲ್ಲಿಗೆ ಏರಬೇಕು, ಯಾವುದರೊಂದಿಗೆ ಕೂಡಬೇಕು ಎಂಬದಕ್ಕೆ ಸಹಾಯ ಮಾಡುವದು. ಹೊರಪದರಕ್ಕೆ ಏರುತ್ತಿರುವ ಕೋಶಗಳ ವಿಷಯವಾಗಿ ಮೇಲೆ ಹೇಳಿದ್ದನ್ನು ವಾಚಕರು ಇಲ್ಲಿ ಕೂಡಿಸಿಕೊಳ್ಳಬೇಕು. ಕಟ್ಟಿ ಮುಗಿದ ಮನೆಯ ಮೇಲೆ ಬಿದ್ದ ಮಳೆಯು ಒಣಗಿ ಹೋಗುವದು. ಹಸಿಗೋಡೆಯ ಮೇಲೆ ಬಿದ್ದರೆ ಗೋಡೆಯ ಆಕಾರವೇ ಕೆಡುವದು. ಅದಲ್ಲದೆ ಕೊಬ್ಬಿನಲ್ಲಿ ಕರಗುವ ಈ ವಿಷವು ತಾಯಿಯ ಮಾಸುವನ್ನು ದಾಟಬಲ್ಲದು. ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಎದೆಹಾಲಿನಲ್ಲಿಯೂ ಅದನ್ನು ಕಂಡಿದ್ದಾರೆ. (ಆದರೂ ಎದೆಹಾಲನ್ನು ಬಿಡಿಸಬಾರದು; ಕೂಸಿಗೆ ಅದರಿಂದಾಗುವ ಹಿತವು ಬಹಳ ದೊಡ್ಡದು.) ರಕ್ತದಿಂದ ಮಿದುಳಿಗೆ ಬೇಡದ ವಸ್ತುಗಳು ಹೋಗದಂತೆ ಕಾಯುವ ಗೋಡೆಯು ಗರ್ಭದಲ್ಲಿ ಇನ್ನೂ ಬಲಿತಿರುವದಿಲ್ಲ. ಮೇಲಾಗಿ, ಮೈತೂಕಕ್ಕೆ ಹೋಲಿಸಿದರೆ ಮಗುವು ದೊಡ್ಡವರಿಗಿಂತ ಹೆಚ್ಚು ನೀರನ್ನು ಕುಡಿಯುವದು, ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವದು.

ನಮ್ಮ ಗಡಿಯಾಚೆ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮದಲ್ಲಿ ಈ ಸಂಗತಿಯು ಮೊದಲು ಬೆಳಕಿಗೆ ಬಂತು. ಅಲ್ಲಿ ಕನ್ನಡವೂ ತುಳುವೂ ಆಡುವ ಜನರೇ ಹೆಚ್ಚು. ಕೇರಳದ ತೋಟಗಾರಿಕಾ ನಿಗಮವು 1970ರ ದಶಕದ ಕೊನೆಯಿಂದ 2000ದ ವರೆಗೆ ಅಲ್ಲಿನ ಗುಡ್ಡೆಗಳ ಮೇಲೆ ಇದೇ ವಿಷವನ್ನು ಸಿಂಪಡಿಸಿತು. ವಾಣಿನಗರದ ವೈದ್ಯರಾದ ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ನರರೋಗಗಳೂ ಬುದ್ಧಿಮಾಂದ್ಯವೂ ಲೆಕ್ಕಕ್ಕಿಂತ ಹೆಚ್ಚಾಗಿರುವದನ್ನು ಗಮನಿಸಿದರು. ಪತ್ರಕರ್ತರಾದ ಶ್ರೀ ಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಎಂಬವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಶಾಲೆಯ ಮಕ್ಕಳನ್ನೇ ಪರೀಕ್ಷಿಸಿದರು. ಅವರು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪಡ್ರೆಯ 117 ಹುಡುಗರನ್ನು, ಸುಮಾರು 20 ಕಿಲೋಮೀಟರು ದೂರದ, ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿದ್ದಾರೆ. ಪಡ್ರೆಯ ಹುಡುಗರಲ್ಲಿ ನೂರಕ್ಕೆ 78 ಮಂದಿಯ ರಕ್ತದಲ್ಲಿಯೂ, ಆಚೆಯ ಊರಿನವರಲ್ಲಿ ನೂರಕ್ಕೆ 29 ಮಂದಿಯ ರಕ್ತದಲ್ಲಿಯೂ ವಿಷದ ಅಂಶವು ಇತ್ತು. ಸಿಂಪಡಣೆ ನಿಂತು ಹತ್ತು ತಿಂಗಳು ಕಳೆದ ಬಳಿಕ ತೆಗೆದ ರಕ್ತವಿದು. ಪ್ರೌಢತೆಯ ಲಕ್ಷಣಗಳು ಪಡ್ರೆಯ ಹುಡುಗರಲ್ಲಿ ತಡವಾಗಿದ್ದವು. ಕಲಿಕೆಯ ತೊಂದರೆಗಳು ಅಲ್ಲಿನ ಮಕ್ಕಳಲ್ಲಿ ಹೆಚ್ಚಾಗಿವೆಯೆಂದೂ ಅದೇ ಸಂಸ್ಥೆಯ ವರದಿಯು ಹೇಳಿತು.

ಈ ಶೋಧನೆಗಳಿಗೆ ಆಕ್ಷೇಪಿಸಿದ ವಿಜ್ಞಾನಿಗಳೂ ಇದ್ದಾರೆ. ಬೇರೆ ಕಾರಣಗಳನ್ನು ಸಾಕಷ್ಟು ಬೇರ್ಪಡಿಸಲಿಲ್ಲವೆಂಬದು ಅವರ ಮಾತು. ಇಂಥ ಒಂದು ಮಗುವನ್ನು ತೋರಿಸಿ, ಇದರ ಬಾಧೆಯು ಎಂಡೋಸಲ್ಫಾನಿನಿಂದಲೇ ಬಂದದ್ದು ಎಂದು ಯಾವ ವೈದ್ಯನೂ ಆಣೆಯಿಟ್ಟು ಹೇಳಲಾರನು. ಹೆರಿಗೆಯಲ್ಲಿ ಉಸಿರು ಕಟ್ಟಿದರೂ, ಹುಟ್ಟಿದ ಮೇಲೆ ಮಿದುಳಿನ ಜ್ವರ ಬಂದರೂ, ರಕ್ತಸಂಬಂಧದ ಮದುವೆಯಿಂದಲೂ ಹೀಗಾಗುವದುಂಟು. ಆದರೆ ನರದ ತಡೆಯನ್ನೇ ಮುರಿಯುವ ಒಂದು ವಿಷವನ್ನು ಬಸುರಿಯರೂ ಕೂಸುಗಳೂ ಇರುವ ಊರಿನ ಮೇಲೆ ಆಕಾಶದಿಂದ ಸುರಿಯುವದಕ್ಕೆ, ಹಾನಿಯು ಸಂಶಯವಿಲ್ಲದೆ ಸಿದ್ಧವಾಗುವ ತನಕ ಕಾಯಬೇಕೆಂಬ ವಾದವನ್ನು ನಾವು ಒಪ್ಪಲಾರೆವು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಎಂಡೋಸಲ್ಫಾನನ್ನು ಲೋಕದಿಂದಲೇ ತೆಗೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರುಷ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಯನ್ನೂ ಮಾರಾಟವನ್ನೂ ಉಪಯೋಗವನ್ನೂ ನಿಲ್ಲಿಸಿತು.

ಇಷ್ಟು ಬರೆದದ್ದರಲ್ಲಿ ನಮಗೆ ಮುಖ್ಯವಾದದ್ದು ಒಂದುಂಟು. ಇಂಥ ಮಗು ಹುಟ್ಟಿದ ಮನೆಗಳಲ್ಲಿ ಮೊದಲು ಹುಡುಕಿದ್ದು ವಿಷವನ್ನಲ್ಲ, ತಾಯಿಯ ತಪ್ಪನ್ನು. ನಾಗದೋಷವೆಂದರು, ದೈವದ ಮುನಿಸೆಂದರು. ಸೊಸೆಯು ಬಸುರಿಯಾಗಿದ್ದಾಗ ಗ್ರಹಣವನ್ನು ನೋಡಿದಳೆಂದರು. ಮಗುವಿನ ಮೇಲೆಯೂ ದೋಷವನ್ನು ಹೊರಿಸಿದರು. ಕೈಗೆ ಸಿಕ್ಕಿದ್ದನ್ನು ಎಸೆಯುವ ಹುಡುಗನನ್ನು ಹಠಮಾರಿಯೆಂದು ಹೊಡೆದರು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವ ಹುಡುಗಿಯನ್ನು ಕಟ್ಟಿಹಾಕಿದರು. ಎಸೆಯುವ ಕೈಯನ್ನು ಹಿಂದಕ್ಕೆ ಎಳೆಯಬೇಕಾದ ನರಮಾರ್ಗವು ಸರಿಯಾಗಿ ಕಟ್ಟಲ್ಪಡದಿರುವಾಗ ಆ ಹುಡುಗನು ತನ್ನ ಕೈಯನ್ನು ಯಾವುದರಿಂದ ತಡೆದಾನು? ತಾಯಿಯಾದರೋ ಬಾವಿಯ ನೀರನ್ನು ಕುಡಿದಳು, ಅಂಗಳದಲ್ಲಿ ಒಣಗಿದ ಬಟ್ಟೆಯನ್ನು ಉಟ್ಟಳು. ಅದಕ್ಕಿಂತ ಹೆಚ್ಚಿನ ಅಪರಾಧವನ್ನು ಅವಳು ಮಾಡಲಿಲ್ಲ.

ಸತ್ತ ನರಕೋಶಗಳಿಗೆ ಬದಲಾಗಿ ಹೊಸವು ಹುಟ್ಟುವದು ಬಹಳ ಅಪರೂಪ. ಆದರೂ ಉಳಿದ ಕೋಶಗಳು ಹೊಸ ಸಂಬಂಧಗಳನ್ನು ಬೆಳೆಸಬಲ್ಲವು, ಮತ್ತು ಈ ಶಕ್ತಿಯು ಮೊದಲ ವರುಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಆದಕಾರಣ ಕೂಸಿಗೆ ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕುಳಿತುಕೊಳ್ಳದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಅಥವಾ ಒಂದಾದರೂ ಅರ್ಥವುಳ್ಳ ಮಾತನ್ನು ಆಡದಿದ್ದರೆ, ಕೆಲವು ಮಕ್ಕಳು ನಿಧಾನ ಎಂದು ಹೇಳುವ ನೆರೆಕರೆಯವರ ಮಾತನ್ನು ಕೇಳಿ ಕಾಯದೆ ವೈದ್ಯರಿಗೆ ತೋರಿಸಬೇಕು. ಅಂಗನವಾಡಿಗಳಲ್ಲಿಯೂ ಸರಕಾರೀ ಶಾಲೆಗಳಲ್ಲಿಯೂ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಪ್ರಾರಂಭವಾಗಿದೆ. ಅಂಗಸಾಧನೆಯನ್ನೂ ಮಾತಿನ ಅಭ್ಯಾಸವನ್ನೂ ಕಲಿಸುವವರು ವಾರಕ್ಕೆ ಒಂದು ಗಂಟೆ ಮಾತ್ರ ಸಿಕ್ಕಾರು. ಉಳಿದ ಕೆಲಸವು ಮನೆಯಲ್ಲಿ ದಿನಾಲೂ ಆಗಬೇಕು, ಬೀಡಿ ಕಟ್ಟುವ ಬೆರಳುಗಳು ಕಲಿತಂತೆಯೇ.

ಸೆಳವು ಬಂದಾಗ ಬಾಯಿಗೆ ಚಮಚವನ್ನಾಗಲಿ ಬಟ್ಟೆಯನ್ನಾಗಲಿ ತುರುಕಬಾರದು. ಕೈಗೆ ಕಬ್ಬಿಣವನ್ನು ಕೊಡುವದರಿಂದ ಏನೂ ಪ್ರಯೋಜನವಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು, ಕುತ್ತಿಗೆಯ ಬಟ್ಟೆಯನ್ನು ಸಡಿಲಿಸಿ, ಗಡಿಯಾರವನ್ನು ನೋಡಬೇಕು. ಐದು ನಿಮಿಷಕ್ಕೆ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಪೂರ್ಣ ಎಚ್ಚರವಾಗುವ ಮುಂಚೆ ನೀರು ಕುಡಿಸಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು, ಸೆಳವು ನಿಂತಿತೆಂದು ತಾವಾಗಿಯೇ ಬಿಟ್ಟುಬಿಟ್ಟರೆ ಅದು ಮೊದಲಿಗಿಂತ ಜೋರಾಗಿ ಬರುವ ಭಯವುಂಟು.

ಕಡಬ ತಾಲೂಕಿನ ಕೊಯಿಲದಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿಯೂ ಇಂಥವರನ್ನು ಹಗಲು ಹೊತ್ತಿನಲ್ಲಿ ನೋಡಿಕೊಳ್ಳುವ ಪಾಲನಾ ಕೇಂದ್ರಗಳು ಪ್ರಾರಂಭವಾದವು. ಸರಕಾರದ ಮಾಸಾಶನವೂ ದೊರೆಯಿತು. ಸಂಜೆಗೆ ಅವರು ಮನೆಗೆ ಮರಳಬೇಕು. 1990ರಲ್ಲಿ ಹುಟ್ಟಿದ ಕೂಸು ಈಗ ಮೂವತ್ತು ದಾಟಿದ ಮನುಷ್ಯನು. ಅವನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರುವತ್ತರ ಹತ್ತಿರ ಹತ್ತಿರ. ಹಗಲೂ ಇರುಳೂ ಇರಿಸಿಕೊಂಡು ಸಾಕುವ ಶಾಶ್ವತವಾದ ಮನೆಯೊಂದು ಈ ಜಿಲ್ಲೆಯಲ್ಲಿ ಬೇಕೆಂದು ಆ ತಾಯಂದಿರು ಎಷ್ಟೋ ವರುಷಗಳಿಂದ ಕೇಳುತ್ತಾ ಬಂದಿದ್ದಾರೆ.